ಗಾಯವಿಲ್ಲದ ಎದೆ

ಸಂಗಯ್ಯನವರು ಕಲ್ಲನ್ನು ಎಂದೂ ಕಣ್ಣಿನಿಂದ ಒಪ್ಪಿದವರಲ್ಲ, ಕಿವಿಯಿಂದ ಒಪ್ಪಿದವರು. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಅವರ ಆಯುಷ್ಯದ ಬಹುಪಾಲು ಕಳೆದದ್ದು ಒಂದೇ ಕೆಲಸದಲ್ಲಿ. ಕನ್ನಡಿಯಂತೆ ಹೊಳೆಯುವ ಕೆಂಪು ಹಾಸುಗಲ್ಲನ್ನು ಸಣ್ಣ ಸುತ್ತಿಗೆಯಿಂದ ತಟ್ಟುವುದು, ತಲೆಯನ್ನು ವಾರೆ ಮಾಡಿ ಆಲಿಸುವುದು. ಗಟ್ಟಿ ಕಲ್ಲು ಗಂಟೆಯಂತೆ ಉಲಿಯುತ್ತದೆ. ಒಳಗಿನ ಬಿರುಕಿಗೆ ಅಂಟು ತುಂಬಿ ಮೇಲೆ ಮೆರುಗು ಕೊಟ್ಟ ಕಲ್ಲು, ಸಭೆಯಲ್ಲಿ ಯಾರೋ ಬಾಯಿಗೆ ಶಲ್ಯ ಒತ್ತಿಕೊಂಡು ಕೆಮ್ಮಿದಂತೆ ಸದ್ದು ಮಾಡುತ್ತದೆ. “ಹೊಳಪು ಅನ್ನೂದು ಕಲ್ಲು ಹೇಳೋ ಸುಳ್ಳು” ಎನ್ನುತ್ತಿದ್ದರು. ನಿವೃತ್ತಿಯ ದಿನ ಸುತ್ತಿಗೆಯನ್ನು ಕಾರ್ಖಾನೆಗೇ ಒಪ್ಪಿಸಿ ಬಂದರು. ತಟ್ಟಿ ನೋಡುವ ಚಾಳಿ ಮಾತ್ರ ಅವರ ಹಿಂದೆಯೇ ಮನೆಗೆ ಬಂದಿತು. ಹಾಲಿನವನ ಅಳತೆ, ಬೀಗರ ನಗು, ಹವಾಮಾನದವರ ಮಳೆ, ಯಾವುದೂ ಆ ಪರೀಕ್ಷೆಯಿಂದ ಪಾರಾಗಲಿಲ್ಲ.

ಹೀಗಿರುವಾಗ, ಹೆಂಡತಿ ಗುರುಲಿಂಗವ್ವನವರ ಹೃದಯಕ್ಕೆ ಹೊಸ ಕವಾಟ ಕೂಡಿಸಿದ್ದೇವೆಂದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯವರು ಹೇಳಿದರೆ ಅವರು ಸುಮ್ಮನೆ ನಂಬುವುದು ಹೇಗೆ? ಎದೆಯ ಮೇಲೆ ಒಂದು ಗೀರು ಕೂಡ ಇರಲಿಲ್ಲ. ಇದ್ದದ್ದು ತೊಡೆಯ ಸಂದಿಯಲ್ಲಿ ಒಂದು ತೂತು, ಅದರ ಮೇಲೊಂದು ಪಟ್ಟಿ. ಹಳೆಯ ಕವಾಟ ಸುಣ್ಣಗಟ್ಟಿ ಬಿಗಿದಿತ್ತು, ತೊಡೆಯ ರಕ್ತನಾಳದಿಂದ ಕೊಳವೆ ಏರಿಸಿ, ಮಡಿಚಿಟ್ಟ ಹೊಸ ಕವಾಟವನ್ನು ಅದೇ ಜಾಗದಲ್ಲಿ ಕೊಡೆ ಬಿಚ್ಚಿದಂತೆ ಬಿಚ್ಚಿದ್ದೇವೆ ಎಂದು ಅಲ್ಲಿಯ ಡಾಕ್ಟರು ವಿವರಿಸಿದ್ದರು.

“ಬಾಗಲಾ ಬದಲಿ ಮಾಡ್ಯಾರಂತ, ಗ್ವಾಡಿಗೆ ಕೈ ಹಚ್ಚಿಲ್ಲಂತ” ಎಂದು ಮನೆಗೆ ಬಂದ ದಿನವೇ ಸಂಗಯ್ಯನವರು ಪಡಸಾಲೆಯಲ್ಲಿ ಸಾರಿದರು.

ಅಕ್ಕನ ಆರೈಕೆಗೆಂದು ಕಮತಗಿಯಿಂದ ಬಂದಿದ್ದ ಸಾವಿತ್ರೆವ್ವ ರೊಟ್ಟಿ ಬಡಿಯುತ್ತಲೇ ಉತ್ತರಿಸಿದಳು: “ಭಾವಾರ, ನಿಮಗ ಖಾತ್ರಿ ಆಗಬೇಕಂದ್ರ ಅಕ್ಕನ ಎದಿ ಸೀಳಿ ತೋರಸಬೇಕೇನು? ಉಸರಾಡಾಕತ್ತ್ಯಾಳಲ್ಲ, ಅದು ಕಾಣಂಗಿಲ್ಲೇನು?”

ಕಾಣುತ್ತಿತ್ತು. ಕದ ತೆರೆಯಲು ಎದ್ದರೂ ಏದುಸಿರು ಬಿಡುತ್ತಿದ್ದ ಗುರುಲಿಂಗವ್ವ, ತಿಂಗಳೊಪ್ಪತ್ತಿನಲ್ಲಿ ಕೂಡಲಸಂಗಮಕ್ಕೆ ಹೋಗಿ, ಐಕ್ಯಮಂಟಪದ ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಇಳಿದು ಹತ್ತಿ ಬಂದಿದ್ದರು. ಮೇಲೆ ಬಂದು, ಎರಡು ಹೊಳೆಗಳು ಕೂಡುವ ಕಡೆಗೆ ನೋಡುತ್ತ ನಿಂತಾಗ ಅವರ ಮುಖದಲ್ಲಿ ಮದುವೆಯ ವರ್ಷದ ಒಂದು ಗೆಲುವು ಸುಳಿದು ಹೋಯಿತು. ಸಂಗಯ್ಯನವರಿಗೆ ಸಂತೋಷವಾಯಿತು. ಆದರೆ ಅದರ ಬೆನ್ನಿಗೇ, ಇದು ಔಷಧದ ಗುಣವಿರಬಹುದು, ಕವಾಟದ್ದೇ ಎಂದು ಹೇಳಿದವರು ಯಾರು ಎಂಬ ವಿಚಾರವೂ ಬಂದಿತು.

ಆಸ್ಪತ್ರೆಯವರ ಒಂದು ಮಾತನ್ನು ಮಾತ್ರ ಅವರು ತಟ್ಟಿ ನೋಡದೆ ಒಪ್ಪಿಕೊಂಡಿದ್ದರು. ಗುರುಲಿಂಗವ್ವನವರ ಹೃದಯದ ಬಡಿತ ತಾಳ ತಪ್ಪುತ್ತಿತ್ತು. ಹಾಗಾಗಿ ಒಳಗೆ ರಕ್ತ ಹೆಪ್ಪುಗಟ್ಟುವ ಭಯವಿತ್ತು. ಅದಕ್ಕೆ ರಕ್ತವನ್ನು ತೆಳುವಾಗಿಡುವ ಗುಳಿಗೆ, ದಿನಕ್ಕೆ ಒಂದು. ಒಂದು ದಿನ ತಪ್ಪಿದರೂ ಹೆಪ್ಪು ಮೆದುಳಿಗೆ ಏರಬಹುದು. ಓಣಿಯಲ್ಲಿ ಹಾಗೆ ಒಂದು ಪಕ್ಕ ಬಿದ್ದುಹೋಗಿ, ತುಟಿಯ ಮೂಲೆಯಿಂದ ಮಾತು ಸೋರುತ್ತಿದ್ದ ಗೆಳೆಯನೊಬ್ಬನನ್ನು ಅವರು ಕೊನೆಯವರೆಗೂ ನೋಡಿದ್ದರು. ಈ ಭಯಕ್ಕೆ ಬಿರುಕಿರಲಿಲ್ಲ.

ಆಸ್ಪತ್ರೆ ಕೊಟ್ಟ ಗುಳಿಗೆ ಮುಗಿದಾಗ ಸೊಸೆ ಮಹೇಶ್ವರಿ ಹೊಸದನ್ನು ತಂದಳು. ಅವಳು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬರುವ ದಾರಿಯಲ್ಲಿ, ಬಸ್ ನಿಲ್ದಾಣದ ಬಳಿಯ ಔಷಧದಂಗಡಿಯಲ್ಲಿ ಕೊಂಡಿದ್ದಳು. ಮೊದಲಿನ ಗುಳಿಗೆ ಗುಲಾಬಿ, ಇದು ಹಳದಿ. ಮೊದಲಿನದರ ಹೊದಿಕೆ ಬೆಳ್ಳಿ, ಇದರದು ನೀಲಿ. ಹೆಸರೂ ಬೇರೆ.

“ಇದು ಬ್ಯಾರೆ ಐತಲ್ಲ ಮಹೇಶ್ವರಿ?”

“ಎಲ್ಲಾ ಒಂದ ಮಾಮಾರ. ಕಂಪನಿ ಬ್ಯಾರೆ ಅಷ್ಟ.”

“ಎಲ್ಲಾ ಒಂದ” ಎಂಬ ಮಾತು ಸಂಗಯ್ಯನವರ ಕಿವಿಯಲ್ಲಿ ಕೆಮ್ಮಿನಂತೆ ಬಿದ್ದಿತು. ಬಿರುಕು ಕಲ್ಲನ್ನು ಒಳ್ಳೆಯ ಕಲ್ಲಿನ ರಾಶಿಯಲ್ಲಿ ಸೇರಿಸಿ ತಂದವರೆಲ್ಲರೂ ಲಾರಿಯಿಂದ ಇಳಿಯುತ್ತ ಆಡುತ್ತಿದ್ದ ಮಾತೇ ಅದು. ಸೊಸೆಯ ಮೇಲೆ ಅವರಿಗೆ ಅನುಮಾನವಿರಲಿಲ್ಲ; ಸೊಸೆಗೆ ಮೋಸವಾಗಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಅದನ್ನು ಹೇಳುವುದು ಹೇಗೆ? ದುಡಿದು ದಣಿದು ಬಂದು, ಊಟವಾದ ಮೇಲೆ ಅತ್ತೆಯ ಎದುರು ನೀರು ಹಿಡಿದು ನಿಲ್ಲುವವಳಿಗೆ, ನೀನು ಕೊಡುವುದು ಸುಣ್ಣದ ಬಿಲ್ಲೆ ಎಂದು ಹೇಳುವಷ್ಟು ಒರಟು ಅವರಲ್ಲ.

ಅವರೊಂದು ಉಪಾಯ ಕಂಡುಕೊಂಡರು. ಹುಬ್ಬಳ್ಳಿಗೆ ಕಲ್ಲು ಒಯ್ಯುವ ಲಾರಿಯ ಚಾಲಕನೊಬ್ಬ ಹಳೆಯ ಪರಿಚಯದವ. ಅವನ ಕೈಗೆ ಬೆಳ್ಳಿಯ ಖಾಲಿ ಹೊದಿಕೆಯನ್ನು ಕೊಟ್ಟು, ಆಸ್ಪತ್ರೆಯ ಬಾಗಿಲಿನ ಅಂಗಡಿಯಿಂದ ಇಂಥದೇ ತರಬೇಕು, ಬೇರೆ ಕೊಟ್ಟರೆ ಮುಟ್ಟಬಾರದು ಎಂದು ಹೇಳಿ ತರಿಸಿಕೊಂಡರು. ಮುಂಜಾನೆ ಗಂಡಹೆಂಡತಿ ಎದುರುಬದುರು ಕುಳಿತು ಲಿಂಗಪೂಜೆ ಮುಗಿಸುತ್ತಿದ್ದರು. ಆಗ ಮಹೇಶ್ವರಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಿದ್ದಳು, ಸಾವಿತ್ರೆವ್ವ ಒಲೆಯ ಮುಂದೆ. ಪೂಜೆ ಮುಗಿದ ಮೇಲೆ ಪ್ರಸಾದದ ಕಲ್ಲುಸಕ್ಕರೆಯ ಜೊತೆಗೆ ಒಂದು ಗುಲಾಬಿ ಗುಳಿಗೆಯನ್ನು ಅವರು ಹೆಂಡತಿಯ ಅಂಗೈಯಲ್ಲಿ ಇಟ್ಟರು.

“ಇದು ಖರೆ ಗುಳಿಗಿ. ಮಹೇಶ್ವರಿ ಕೊಡೂದನ್ನೂ ತಗೋ, ಆಕಿ ಮನಸ್ಸು ನೋಯಬಾರದು. ಅದು ಸುಣ್ಣ, ಏನೂ ಮಾಡೂದಿಲ್ಲ. ಆಕಿಗೆ ಮಾತ್ರ ಹೇಳಬ್ಯಾಡ.”

ಗುರುಲಿಂಗವ್ವ ಕೇಳಲಿಲ್ಲ. ಮದುವೆಯಾಗಿ ಬಂದಂದಿನಿಂದ ಗಂಡ ಕೈಯಲ್ಲಿ ಇಟ್ಟದ್ದನ್ನು ಏನೆಂದು ಅವರು ಕೇಳಿದವರೇ ಅಲ್ಲ. ಕಲ್ಲುಸಕ್ಕರೆಯೊಡನೆ ಗುಳಿಗೆಯೂ ಗಂಟಲಿಗಿಳಿಯಿತು. ಹೀಗೆ ಹಗಲಿಗೊಂದು ಗುಲಾಬಿ, ಇರುಳಿಗೊಂದು ಹಳದಿ ಎಂದು ಒಂದು ಗುಟ್ಟು ಆ ಮನೆಯಲ್ಲಿ ದಿನಚರಿಯಾಯಿತು. ಸಂಗಯ್ಯನವರು ನೆಮ್ಮದಿಯಿಂದ ನಿದ್ದೆ ಮಾಡಿದರು.

ಮೊದಲು ಕಾಣಿಸಿದ್ದು ಮೊಣಕೈಯ ಮೇಲಿನ ಕಲೆ. ನೇರಳೆ ಹಣ್ಣು ತಿಂದ ಮಗು ಕೈ ಒರೆಸಿದಂತಿತ್ತು. ಆಮೇಲೆ ಇನ್ನೊಂದು, ಮುಂಗೈಯಲ್ಲಿ. ರಕ್ತ ಪರೀಕ್ಷೆಗೆಂದು ಮನೆಗೆ ಬರುತ್ತಿದ್ದ ಪ್ರಯೋಗಾಲಯದ ನಜಮಾ ಸೂಜಿ ಚುಚ್ಚಿದ ಕಡೆಯಂತೂ ಕಲೆ ಅಂಗೈಯಗಲ ಹರಡಿತು. ರಕ್ತದ ಅಂಶ ಪ್ರತಿ ಸಲವೂ ಇಳಿಯುತ್ತಿದೆಯೆಂದು ಅವಳೇ ಹೇಳಿದಳು.

“ಇಳೀಲಾರದ ಏನು ಮಾಡೀತು? ನೀ ಬಂದಾಗೊಮ್ಮೆ ಒಂದು ಬಾಟ್ಲಿ ತುಂಬಕೊಂಡ ಹೋಗ್ತಿ” ಎಂದರು ಸಂಗಯ್ಯನವರು.

ನಜಮಾ ಬೆರಳಿನಷ್ಟು ಸಣ್ಣ ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. “ಇದು ಬಾಟ್ಲಿ ಏನ್ ಅಜ್ಜಾ? ಇದರಾಗ ಒಂದು ಸೊಳ್ಳಿ ಹೊಟ್ಟಿ ತುಂಬಂಗಿಲ್ಲ. ನನ್ನ ಮ್ಯಾಲೆ ಸಂಶೇ ಇದ್ರ ಮುಂದಿನ ಸಲ ನಿಮ್ಮದ ತಗೊಂಡ ಹೋಗ್ತೇನಿ ಬಿಡ್ರಿ. ನಿಮ್ಮದು ಭಾಳ ಕುದ್ದೈತಿ, ಸ್ವಲ್ಪ ಕಡಿಮಿ ಆದ್ರ ಚಲೋನ.”

ಗುರುಲಿಂಗವ್ವ ನಕ್ಕರು. ನಗುವಾಗ ಅವರ ಹಲ್ಲಿನ ಸಂದಿಗಳಲ್ಲಿ ರಕ್ತ ಎಳೆಗಟ್ಟಿದ್ದನ್ನು ಸಂಗಯ್ಯನವರು ಕಂಡರು.

ಅಂದಿನಿಂದ ಅವರು ಮನೆಯನ್ನೇ ತಟ್ಟತೊಡಗಿದರು. ರಕ್ತ ನೆಲದ ಮೇಲೆ ಬಿದ್ದಿಲ್ಲ, ಬಟ್ಟೆಗೆ ಹತ್ತಿಲ್ಲ. ಆದರೂ ದಿನದಿಂದ ದಿನಕ್ಕೆ ಹೆಂಡತಿಯ ತುಟಿ ಹಳೆಯ ಕಾಗದದ ಬಣ್ಣಕ್ಕೆ ತಿರುಗುತ್ತಿತ್ತು. ಹಾಗಾದರೆ ಅದು ಹೋಗುತ್ತಿರುವುದೆಲ್ಲಿಗೆ? ಯಾವುದೋ ಕೋಣೆಯಲ್ಲಿ ನಲ್ಲಿಯೊಂದು ಸೋರುತ್ತಿದೆ, ಸದ್ದು ಮಾತ್ರ ಕೇಳಿಸುತ್ತಿಲ್ಲ ಎಂಬಂತೆ ಅವರು ಒಳಗೂ ಹೊರಗೂ ತಿರುಗಿದರು. ತೊಡೆಯ ಸಂದಿಯ ತೂತು ಒಳಗೊಳಗೇ ಬಾಯಿ ಬಿಟ್ಟಿರಬಹುದೆ? ಅಲ್ಲಿ ಚರ್ಮ ಒಣಗಿ ಕಲೆಯೂ ಮಾಸಿತ್ತು. ಕೂಡಿಸದ ಕವಾಟದ ಹೆಸರಿನಲ್ಲಿ ಎದೆಯೊಳಗೆ ಏನನ್ನಾದರೂ ಹರಿದಿಟ್ಟಿದ್ದಾರೆಯೆ? ಅದನ್ನು ಕಣ್ಣಿಟ್ಟು ನೋಡುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ಕೊನೆಗೆ ನಾದಿನಿಯನ್ನು ಅಡ್ಡಗಟ್ಟಿದರು. “ಸಾವಿತ್ರೀ, ನಿಮ್ಮಕ್ಕ ಹೊರಕಡಿಗೆ ಹೋಗಿ ಬಂದ್ರ ಏನರ ಹೇಳ್ತಾಳೇನು? ರಕ್ತ ಗಿಕ್ತ?”

“ರಕ್ತ ಇಲ್ಲ. ಕರ್ರಗ ಆಗ್ತೈತಂತ, ಡಾಂಬರಿನಂಗ.”

“ಕರ್ರಗ? ಮತ್ತ ನನಗ ಯಾಕ ಹೇಳಲಿಲ್ಲ?”

“ಹೇಳೂದೇನೈತ್ರಿ ಅದರಾಗ? ಎರಡೂ ಹೊತ್ತು ಗುರೆಳ್ಳು ಹಿಂಡಿ ಹಚಕೊಂಡು ರೊಟ್ಟಿ ತಿಂತಾಳ. ಕರೀದು ತಿಂದ್ರ ಕರೀದ ಬರ್ತೈತಿ. ನಮ್ಮ ಕಮತಗಿ ಮಂದಿ ಎಲ್ಲಾರೂ ಹಂಗಾದ್ರ ದವಾಖಾನಿ ಹಿಡೀಬೇಕಾಗ್ತಿತ್ತು.”

ಗುರೆಳ್ಳಿನ ಮಾತು ಅವರನ್ನು ಸಮಾಧಾನಪಡಿಸಲಿಲ್ಲ. ಅಂದೇ ಚಟ್ನಿಯ ಡಬ್ಬಿಯನ್ನು ಮೇಲಿನ ಮಾಡದಲ್ಲಿ ಅಡಗಿಸಿಟ್ಟರು. ಮರುದಿನವೂ ಬಣ್ಣ ಬದಲಾಗಲಿಲ್ಲ. ಆಗ ಉಳಿದದ್ದು ಒಂದೇ ಗುಮಾನಿ. ಅದು ಅವರ ಮನಸ್ಸಿನಲ್ಲಿ ಬಹಳ ದಿನಗಳಿಂದ ಮೂಲೆ ಹಿಡಿದು ಕುಳಿತೇ ಇತ್ತು. ಹಳದಿ ಗುಳಿಗೆ ಬರಿಯ ಸುಣ್ಣವಲ್ಲ. ಅದರಲ್ಲಿ ಏನೋ ವಿಷವಿದೆ. ಇಂದು ಮಹೇಶ್ವರಿಗೆ ಹೇಳಿಬಿಡುತ್ತೇನೆ, ಮನಸ್ಸು ನೊಂದರೆ ನೋಯಲಿ, ಅದನ್ನು ತಿಪ್ಪೆಗೆ ಎಸೆಯಿಸುತ್ತೇನೆ ಎಂದು ನಿಶ್ಚಯಿಸಿಯೇ ಆ ಮುಂಜಾನೆಯ ಪೂಜೆ ಮುಗಿಸಿ, ಹೆಂಡತಿಯ ಅಂಗೈಯಲ್ಲಿ ಎಂದಿನಂತೆ ಗುಲಾಬಿಯನ್ನು ಇಟ್ಟರು.

ಅದನ್ನು ನುಂಗಿ ಎದ್ದ ಗುರುಲಿಂಗವ್ವ ಬಚ್ಚಲಮನೆಯ ಹೊಸ್ತಿಲಲ್ಲಿ ಕುಸಿದರು.

ಅದು ರವಿವಾರ. ಆಲಮಟ್ಟಿಯ ಅಣೆಕಟ್ಟಿನ ಕಚೇರಿಯಲ್ಲಿದ್ದ ಮಗ ಸಂತೋಷಕುಮಾರ ಮನೆಯಲ್ಲಿದ್ದ, ಮಹೇಶ್ವರಿಯೂ ಇದ್ದಳು. ಎಲ್ಲರನ್ನೂ ಹೊತ್ತು ಬಾಗಲಕೋಟೆಯ ದಾರಿ ಹಿಡಿದ ಕಾರು ಹುನಗುಂದ ದಾಟಿತು, ಅಮೀನಗಡ ದಾಟಿತು. ಸಂಗಯ್ಯನವರ ತೊಡೆಯ ಮೇಲೆ ಹೆಂಡತಿಯ ತಲೆ. ಹೊರಗೆ ಸೂರ್ಯಕಾಂತಿಯ ಹೊಲಗಳು ಒಂದರ ಹಿಂದೊಂದು ಮುಖ ತಿರುಗಿಸಿ ನಿಂತಿದ್ದವು. ಕಮತಗಿಯಲ್ಲಿ ಎತ್ತಿನ ಬಂಡಿಯೊಂದು ಅಡ್ಡ ಬಂದು ಕಾರು ನಿಂತಾಗ, ಗುರುಲಿಂಗವ್ವ ಕಣ್ಣು ತೆರೆದು “ಸಾವಿತ್ರಿ ಊರು ಬಂತಲ್ಲ” ಎಂದರು. ಆ ದನಿ ಎಷ್ಟು ದೂರದಿಂದ ಬಂದಿತೆಂದರೆ, ಸಂಗಯ್ಯನವರಿಗೆ ತಮ್ಮ ಕಿವಿಯ ಮೇಲೆಯೇ ಮೊದಲ ಸಲ ನಂಬಿಕೆ ಹೋಯಿತು.

ಬಾಗಲಕೋಟೆಯ ನವನಗರದ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಗೌತಮ ಎಂಬ ತರುಣ. ಅವನು ಗುರುಲಿಂಗವ್ವನವರ ಕೈಗೆ ರಕ್ತದ ನಳಿಗೆ ಹಚ್ಚಿಸಿ, ಎದೆಯ ಮೇಲೆ ಯಂತ್ರದ ಸಣ್ಣ ಗುಂಡನ್ನು ಒತ್ತಿ ಹಿಡಿದ. ಪರದೆಯ ಬೂದು ಮಂಜಿನಲ್ಲಿ ಏನೋ ಮುಚ್ಚಿ ತೆರೆಯುತ್ತಿತ್ತು. ಅದು ಸಂಗಯ್ಯನವರಿಗೆ ಅರ್ಥವಾಗಲಿಲ್ಲ. ಆಮೇಲೆ ಅವನು ಒಂದು ಗುಂಡಿ ಒತ್ತಿದ. ಯಂತ್ರದಿಂದ ಸದ್ದು ಬಂದಿತು. ಮಗ್ಗದ ಲಾಳಿ ಓಡಿದಂತೆ, ಸರಕ್, ಸರಕ್. ಬಡಿತದ ತಾಳ ಆಗಾಗ ತಪ್ಪಿದರೂ ಪ್ರತಿಯೊಂದು ಸದ್ದೂ ತುಂಬಿ ಬರುತ್ತಿತ್ತು, ಕೊನೆಯಲ್ಲಿ ಕೆಮ್ಮಿರಲಿಲ್ಲ. ಸಂಗಯ್ಯನವರು ತಮಗರಿಯದಂತೆ ತಲೆ ವಾರೆ ಮಾಡಿದರು.

“ಇದು ಏನ್ರಿ ಸದ್ದು?”

“ಹೊಸಾ ಕವಾಟದೊಳಗಿಂದ ರಕ್ತ ಹೋಗೋ ಸದ್ದು ಅಜ್ಜಾರ. ಕವಾಟ ಬಂಗಾರದಂಗೈತಿ. ತ್ರಾಸ ಇರೂದು ಹೊಟ್ಟಿಯೊಳಗ. ಅಲ್ಲಿ ಎಲ್ಲೋ ರಕ್ತ ಸೋರಾಕತ್ತೈತಿ. ಕರ್ರಗ ಆಗ್ತಿತ್ತಲ್ಲ, ಅದು ರಕ್ತನ.”

ಸಾವಿತ್ರೆವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಗೌತಮ ಮಹೇಶ್ವರಿಯ ಕಡೆಗೆ ತಿರುಗಿದ. “ರಕ್ತ ತೆಳು ಮಾಡೋ ಗುಳಿಗಿ ಕಡೀಕ ಯಾವಾಗ ಕೊಟ್ಟೀರಿ?”

“ನಿನ್ನಿ ರಾತ್ರಿ, ಊಟ ಆದಮ್ಯಾಲೆ.”

“ಹಂಗಾದ್ರ ಸಂಜೀ ಹೊತ್ತಿಗೆ ಅದರ ಜೋರು ಇಳೀತೈತಿ. ಗಂಟಲದಿಂದ ದುರ್ಬೀನು ಇಳಿಸಿ ನೋಡೂಣು. ಸೋರೋ ಜಾಗಾ ಸಿಕ್ರ ಅಲ್ಲೇ ಸುಟ್ಟು ಮುಚ್ಚೂಣು.”

ಕವಾಟ ಇದೆ, ಅದರ ದನಿಯನ್ನು ಸ್ವತಃ ಕೇಳಿದ್ದಾಗಿದೆ. ಹಾಗಾದರೆ ಕಳ್ಳ ಒಬ್ಬನೇ ಉಳಿದ. ಸಂಗಯ್ಯನವರು ಅಂಗಿಯ ಒಳಕಿಸೆಯಿಂದ ಬೆಳ್ಳಿಯ ಹೊದಿಕೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಮಹೇಶ್ವರಿ ತಂದಿದ್ದ ಚೀಲದಲ್ಲಿಯ ನೀಲಿಯದನ್ನು ಅದರ ಪಕ್ಕಕ್ಕೆ ಎಳೆದಿಟ್ಟರು.

“ನೋಡ್ರಿ ಸಾಹೇಬ್ರ. ಇದು ಹುಬ್ಬಳ್ಳ್ಯಾಗ ಕೊಟ್ಟ ಖರೆ ಮಾಲು. ಇದು ಇಲ್ಲಿ ಅಂಗಡಿ ಮಾಲು. ನಮ್ಮ ಸೊಸಿಗೆ ಟೊಪಗಿ ಹಾಕ್ಯಾರ. ಇದರಾಗ ಏನೋ ಕಲಬೆರಕಿ ಐತಿ.”

ಗೌತಮ ಎರಡನ್ನೂ ಕೈಯಲ್ಲಿ ಹಿಡಿದ. ಓದಬೇಕಾದ ಅಗತ್ಯವೂ ಅವನಿಗೆ ಬೀಳಲಿಲ್ಲ. “ಇದೂ ಚಲೋ ಕಂಪನಿ, ಅದೂ ಚಲೋ ಕಂಪನಿ. ಹೆಸರು ಎರಡು, ಒಳಗಿನ ಔಷಧ ಒಂದ ಅಜ್ಜಾರ.” ಅಷ್ಟು ಹೇಳಿದವನ ಕಣ್ಣು, ಒಡೆದು ಖಾಲಿಯಾದ ಬೆಳ್ಳಿಯ ಗುಳಿಗಳ ಮೇಲೆ ನಿಂತಿತು. “ಇದನ್ನ ಯಾರು ತಗೊಳ್ಳಾಕತ್ತಾರ?”

ಒಂದೇ ಹೆಸರಿನ ಕೆಳಗೆ ಎರಡು ಕಲ್ಲು ಬರುವ ಮೋಸದ ಮೇಲೆ ಸಂಗಯ್ಯನವರು ಬದುಕಿನುದ್ದಕ್ಕೂ ಕಣ್ಣಿಟ್ಟಿದ್ದರು. ಒಂದೇ ಕಲ್ಲು ಎರಡು ಹೆಸರಿನಲ್ಲಿ ಹೋಗುವುದರ ಮೇಲೂ ಕಣ್ಣಿಡಬೇಕೆಂದು ಎಂದೂ ಅನ್ನಿಸಿರಲಿಲ್ಲ. ಏಕೆಂದರೆ ಆ ಕೆಲಸವನ್ನು ಮಾಡುತ್ತಿದ್ದವರು ಅವರೇ. ಒಂದೇ ಗಣಿಯ ಕೆಂಪು ಕಲ್ಲು ಮುಂಬಯಿಗೆ ಒಂದು ಹೆಸರಿನಲ್ಲಿ, ಹಡಗು ಹತ್ತುವಾಗ ಇನ್ನೊಂದು ಹೆಸರಿನಲ್ಲಿ ಹೋಗುತ್ತಿತ್ತು. ಎರಡೂ ಪೆಟ್ಟಿಗೆಗಳ ಮೇಲೆ ಬಣ್ಣದಲ್ಲಿ ಹೆಸರು ಬರೆಯಿಸಿ, ಇವೆರಡೂ ಬೇರೆಬೇರೆ ಎಂದು ಗಿರಾಕಿಗಳಿಗೆ ಹೇಳಿ ನಕ್ಕವರು ಅವರೇ.

“ಯಾರೂ ತಗೊಳ್ಳಂಗಿಲ್ರಿ.” ಹಾಸಿಗೆಯಿಂದ ಗುರುಲಿಂಗವ್ವನವರ ದನಿ ಬಂದಿತು, ಸೋತಿದ್ದರೂ ತಡವರಿಸದೆ. “ಹಳೇವು ಅವು. ಮೊದಲ ತಿಂಗಳಾಂವು ಉಳದಿದ್ದು. ಇವರು ಸುಮ್ನ ಕಿಸೆದಾಗ ಇಟಗೊಂಡು ಅಡ್ಡಾಡ್ತಾರ. ಇವರ ಸ್ವಭಾವನ ಹಂಗ.”

ಮಹೇಶ್ವರಿ ತಲೆಯಾಡಿಸಿದಳು, ಮಾವನವರ ಸ್ವಭಾವ ಅವಳಿಗೂ ಗೊತ್ತಿತ್ತು. ಗೌತಮ ಹೊದಿಕೆಯನ್ನು ಮೇಜಿನ ಮೇಲೆ ಬಿಟ್ಟು ನರ್ಸಿನ ಕಡೆಗೆ ತಿರುಗಿದ. “ಸಂಜೀಗೆ ತಯಾರಿ ಮಾಡ್ರಿ.”

ಸುಮ್ಮನಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿ ಅವರ ಮರ್ಯಾದೆಯ ಮೇಲೆ ತನ್ನ ಸೆರಗನ್ನು ಹೊದಿಸಿ ಆಗಿತ್ತು. ಸಂಗಯ್ಯನವರು ಅವಳ ಮುಖ ನೋಡಿದರು. ಇಷ್ಟು ವರ್ಷ ತಟ್ಟಿ ನೋಡದೆ ನಂಬಿದ್ದ ಒಂದೇ ದನಿ ಅದು. ಈಗ ಅದು ಸುಳ್ಳು ಹೇಳುತ್ತಿತ್ತು, ಅವರಿಗಾಗಿ. ಸಂಜೆಗೆ ಜೋರು ಇಳಿಯುತ್ತದೆ ಎಂದಿದ್ದಾನೆ ಡಾಕ್ಟರ. ಮುಂಜಾನೆಯದು ಇನ್ನೂ ಅವಳ ಹೊಟ್ಟೆಯಲ್ಲಿ ಕರಗುತ್ತಿದೆ.

“ತಡೀರಿ” ಎಂದರು. “ಆಕಿ ಸುಳ್ಳ ಹೇಳಾಕತ್ತ್ಯಾಳ. ನಾ ಕೊಟ್ಟೇನ್ರಿ. ದಿನಾ ಮುಂಜಾನೆ, ಪೂಜಿ ಆದಮ್ಯಾಲೆ. ಇವತ್ತೂ ಕೊಟ್ಟೇನಿ. ಬಿದ್ದಳಲ್ಲ, ಅದರ ಮೊದಲ.”

ರಕ್ತದ ನಳಿಗೆಯಲ್ಲಿ ಹನಿ ಬೀಳುತ್ತಿತ್ತು. ಸಂತೋಷಕುಮಾರ ಕಿಟಕಿಯ ಕಡೆಗೆ ತಿರುಗಿದ. ಗೌತಮ ಮಾತ್ರ ಬಯ್ಯಲಿಲ್ಲ. “ಹೇಳಿದ್ದು ಚಲೋ ಆತು” ಎಂದಷ್ಟೇ ಅಂದು, ಸಂಜೆಯ ತಯಾರಿಯನ್ನು ನಿಲ್ಲಿಸಿದ. ಔಷಧದ ಜೋರು ಮುರಿಯುವ ಇಂಜೆಕ್ಷನ್ ತರಿಸಿದ. “ಇದು ಹಗ್ಗದ ಮ್ಯಾಲಿನ ನಡಿಗಿ ಅಜ್ಜಾರ. ಈ ಕಡಿ ವಾಲಿದ್ರ ಹೊಟ್ಟಿಯೊಳಗ ರಕ್ತ, ಆ ಕಡಿ ವಾಲಿದ್ರ ಕವಾಟದ ಮ್ಯಾಲೆ ಹೆಪ್ಪು. ನಾಳೆತನ ಕಾಯೂಣು.”

ಕಾದರು. ಮರುದಿನ ದುರ್ಬೀನಿನಲ್ಲಿ ಸೋರುವ ಜಾಗ ಸಿಕ್ಕಿತು, ಮುಚ್ಚಿತು. ಕವಾಟದ ಮೇಲೆ ಹೆಪ್ಪುಗಟ್ಟಲಿಲ್ಲ. ಮತ್ತೆ ಕೆಲವು ದಿನ ಕಳೆದು ನಜಮಾ ಆಸ್ಪತ್ರೆಗೇ ಅಜ್ಜಿಯನ್ನು ನೋಡಲು ಬಂದು, “ಅಜ್ಜಾ, ಸೊಳ್ಳಿ ಸಿಕ್ತಂತಲ್ಲ?” ಎಂದಾಗ ನಕ್ಕವರು ಗುರುಲಿಂಗವ್ವ ಒಬ್ಬರೇ.

ಮಹೇಶ್ವರಿ ಆಡಬೇಕಾದದ್ದನ್ನು ಮನೆಗೆ ಬಂದ ಮೇಲೆ ಆಡಿದಳು, ಅದೂ ಜೋರಾಗಿ ಅಲ್ಲ. ಗುಳಿಗೆಯನ್ನು ಮತ್ತೆ ಶುರುಮಾಡಲು ಡಾಕ್ಟರು ಹೇಳಿದ್ದ ಮುಂಜಾನೆ, ನೀಲಿ ಹೊದಿಕೆಯನ್ನು ತಂದು ಮಾವನ ಮುಂದಿಟ್ಟಳು.

“ನನ್ನ ಕೈಯಾಂದು ಅತ್ತಿಯವರ ಮುಂದ ಸುಣ್ಣ ಅಂದ್ರಿ, ಡಾಕ್ಟರ ಮುಂದ ಕಲಬೆರಕಿ ಅಂದ್ರಿ. ಮುಖಕ್ಕ ಅಂದಿದ್ರ ಅವತ್ತ ಮುಗೀತಿತ್ತು. ಇನ್ಮ್ಯಾಲೆ ನೀವ ಕೊಡ್ರಿ ಮಾಮಾರ. ದಿನಕ್ಕ ಒಂದ. ನಾ ಹಿಂದಿಂದ ಬಂದು ನೋಡಂಗಿಲ್ಲ, ಕೇಳಂಗಿಲ್ಲ.”

ಅವಳು ಒಳಗೆ ಹೋದಳು. ಬೈಗುಳವಾಗಿದ್ದರೆ ಹಗುರವಾಗುತ್ತಿತ್ತು ಎನ್ನಿಸಿತು ಸಂಗಯ್ಯನವರಿಗೆ. ಒಂದು ಗುಳಿಗೆಯನ್ನು ಒತ್ತಿ ಹೊರತೆಗೆದು, ಅಂಗೈಯಲ್ಲಿ ಹಿಡಿದು ಹೆಂಡತಿಯ ಮಂಚದ ಬಳಿಗೆ ನಡೆದರು. ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ.

ಗುರುಲಿಂಗವ್ವ ಕೈ ಚಾಚಲಿಲ್ಲ.

“ಏನದು?”

“ಗುಳಿಗಿ. ನಿಂದ.”

“ಯಾವ ಗುಳಿಗಿ?”

ಸಂಗಯ್ಯನವರು ಗುಳಿಗೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಅವು ತುಸುವೇ ಕಿರಿದಾಗಿ, ಬೆಳಕಿಗೆ ಹಿಡಿದ ಏನನ್ನೋ ಪರೀಕ್ಷಿಸುವಂತಿದ್ದವು.

“ನನ್ನ ಮ್ಯಾಲೆ ಸಂಶೇ ಏನು?”

“ಹೂಂನ್ರಿ” ಎಂದರು ಗುರುಲಿಂಗವ್ವ, ಬಹಳ ಮೆತ್ತಗೆ. ಆಮೇಲೆ ಒಳಮನೆಯ ಕಡೆಗೆ ಕತ್ತು ತಿರುಗಿಸಿ ಕರೆದರು: “ಮಹೇಶ್ವರೀ, ಸಿಟ್ಟು ಆಮ್ಯಾಲೆ ಮಾಡವಂತಿ. ಮೊದಲ ಇಲ್ಲಿ ಬಂದು, ಇದು ಯಾವುದಂತ ಒಮ್ಮೆ ನೋಡಿ ಹೇಳವ್ವಾ.”

ಸಂಗಯ್ಯನವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೆವರಿಗೆ ಹಳದಿ ಬಣ್ಣ ಅಂಗೈಗೆ ಹತ್ತತೊಡಗಿತ್ತು. ಒಳಗೆ ಪಾತ್ರೆಯ ಸದ್ದು ನಿಂತಿತು. ಸೊಸೆ ಬಂದು ನೋಡುವವರೆಗೂ ಗುರುಲಿಂಗವ್ವ ಗುಳಿಗೆಗೆ ಬಾಯಿ ತೆರೆಯಲಿಲ್ಲ.